ಹಾಕೋಕೂ ಮನಸ್ಸಿಲ್ಲ, ಬಿಡೋಕೂ ಮನಸ್ಸಿಲ್ಲ: ವಿಂಟೇಜ್ ಬಟ್ಟೆಗಳ ಸೆಳೆತದ ಒಂದು ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಮೂವತ್ತೈದು ದಾಟಿದ ಮಹಿಳೆ. ಲೆಕ್ಕಪತ್ರ ನೋಡುವ ಕೆಲಸ. ಗಂಡ, ಒಬ್ಬಳು ಮಗಳು. ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ಗಂಡನ ಒತ್ತಾಯಕ್ಕೆ. ಐವತ್ತು ಅರವತ್ತು ವರ್ಷ ಹಳೆಯ ಫ್ರಾಕು, ಕೋಟು, ಟೋಪಿ ಕೊಳ್ಳುವುದನ್ನು ಅವರಿಗೆ ನಿಲ್ಲಿಸಲು ಆಗುತ್ತಿರಲಿಲ್ಲ. ತಮ್ಮ ಬೀರು ತುಂಬಿ, ಮಗಳ ಬೀರುವಿನ ಅರ್ಧವೂ ತುಂಬಿತ್ತು. ಪಾರ್ಸೆಲ್‌ಗಳನ್ನು ಆಫೀಸಿಗೆ ತರಿಸಿಕೊಂಡು, ಸಂಜೆ ಊಟದ ಡಬ್ಬಿಯ ಕೆಳಗೆ ಮುಚ್ಚಿಟ್ಟು ಮನೆಗೆ ತರುತ್ತಿದ್ದರು. ಕ್ರೆಡಿಟ್ ಕಾರ್ಡಿನ ಬಾಕಿ ಎಷ್ಟು ಅನ್ನುವುದು ಗಂಡನಿಗೆ ಪೂರ್ತಿ ಗೊತ್ತಿರಲಿಲ್ಲ.

"ಇದು ಕಾಯಿಲೆನಾ ಮೇಡಂ?" ಅಂತ ಮೊದಲೇ ಕೇಳಿದರು.

ಹಳೆಯದನ್ನು ಇಷ್ಟಪಡುವುದು ಕಾಯಿಲೆ ಅಲ್ಲ. ಹಾಗಿದ್ದರೆ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಅವರನ್ನೇ ಮೊದಲು ಕೂರಿಸಿ ಮಾತಾಡಿಸಬೇಕಿತ್ತು, ಅವರ ಹತ್ತಿರ 2000ಕ್ಕೂ ಜಾಸ್ತಿ ಪ್ರಾಚೀನ ವಸ್ತುಗಳಿದ್ದವು. ವಸ್ತುಗಳನ್ನು ಪೇರಿಸಿಡುವ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಲ್ಲಿ ಒಂದು ಬೇರೆ ಕಾಯಿಲೆ ಎಂದೇ ಗುರುತಿಸಿತು. ಆದರೆ ಅಲ್ಲಿ ಮುಖ್ಯ ಲಕ್ಷಣ ಕೊಳ್ಳುವುದಲ್ಲ, ಬಿಡಲು ಆಗದಿರುವುದು. ಬೆಲೆ ಇರಲಿ ಇಲ್ಲದಿರಲಿ ಯಾವುದನ್ನೂ ಬಿಸಾಡಲಾಗದೆ, ಮಲಗುವ, ಅಡುಗೆ ಮಾಡುವ ಜಾಗವೂ ಬಳಕೆಗೆ ಸಿಗದಷ್ಟು ತುಂಬಿಕೊಳ್ಳುವುದು. ಇವರ ಮನೆ ಹಾಗಿರಲಿಲ್ಲ. "ಒಂದನ್ನು ಯಾರಿಗಾದರೂ ಕೊಡಿ ಅಂದರೆ?" ಅಂತ ಕೇಳಿದೆ. "ಹೊಟ್ಟೆ ಉರಿಯುತ್ತೆ, ಆದ್ರೆ ಕೊಡ್ತೀನಿ" ಅಂದರು. ತೊಂದರೆ ಇದ್ದದ್ದು ಕೊಳ್ಳುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಮುಚ್ಚಿಡುವುದರಲ್ಲಿ.

ಮುಂದಿನ ಸಲ ಬರುವಾಗ ತುಂಬ ಇಷ್ಟದ ಒಂದು ಉಡುಪು ತನ್ನಿ ಅಂದಿದ್ದೆ. ಕಡುಹಸಿರು ಉಣ್ಣೆಯ ಫ್ರಾಕು ತಂದರು. ಮೇಜಿನ ಮೇಲೆ ಹರಡಿ, ಒಳಗಿನ ಭಾಗ ಹೊರಗೆ ಮಾಡಿ ತೋರಿಸಿದರು. ಜಿಪ್ ಬೆನ್ನಿಗಿಲ್ಲ, ಎಡ ಪಕ್ಕದಲ್ಲಿದೆ, ಅದೂ ಲೋಹದ್ದು. ನೈಲಾನ್ ಜಿಪ್ ಎಲ್ಲ ಕಡೆ ಬಂದದ್ದು 1960ರ ದಶಕದಲ್ಲಿ, ಹಾಗಾಗಿ ಇದು ಅದಕ್ಕೂ ಹಿಂದಿನದು ಇರಬೇಕು ಅಂದರು. ಹೇಗೆ ಒಗೆಯಬೇಕು ಅಂತ ಹೇಳುವ ಪಟ್ಟಿ ಇಲ್ಲ, ಅಮೆರಿಕದಲ್ಲಿ ಆ ನಿಯಮ ಮಾಡಿದ್ದೇ 1971ರಲ್ಲಿ. ಹೊಲಿಗೆಯ ಒಳಗೆ ಒಂದು ಬೆರಳಗಲ ಬಟ್ಟೆ ಬಿಟ್ಟಿದ್ದರು, ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಅಂತ. ಕಂಕುಳ ಹತ್ತಿರ ಯಾರೋ ಬೇರೆ ಬಣ್ಣದ ದಾರದಲ್ಲಿ, ತುಂಬ ಸಣ್ಣ ಸಣ್ಣ ಹೊಲಿಗೆ ಹಾಕಿ ರಿಪೇರಿ ಮಾಡಿದ್ದರು. ಅದರ ಮೇಲೆ ಬೆರಳಾಡಿಸುತ್ತಾ "ನೋಡಿ ಮೇಡಂ, ಎಷ್ಟು ತಾಳ್ಮೆ" ಅಂದರು. ಬಂದಾಗಿನಿಂದ ನೆಲ ನೋಡಿಕೊಂಡು ಮಾತಾಡುತ್ತಿದ್ದವರು ಇವರೇನಾ ಅನ್ನಿಸಿತು.

"ಎಲ್ಲಿಗೆ ಹಾಕಿಕೊಂಡು ಹೋಗಿದ್ರಿ?" ಅಂದೆ.

ಎಲ್ಲಿಗೂ ಇಲ್ಲ. ಹಾಳಾದರೆ ಅಂತ ಭಯ. ಜೊತೆಗೆ ಕೊಂಡಿದ್ದರಲ್ಲಿ ಎಷ್ಟೋ ಬಟ್ಟೆ ಅವರಿಗೆ ಆಗುತ್ತಲೇ ಇರಲಿಲ್ಲ. ಆಗಿನ 12ನೇ ಸೈಜು ಇವತ್ತಿನ 12ಕ್ಕಿಂತ ತುಂಬ ಬಿಗಿ. ಅದು ಗೊತ್ತಿದ್ದೂ, ತೂಕ ಇಳಿಸ್ತೀನಿ ಅಂತ ಕೊಳ್ಳುತ್ತಿದ್ದರು.

ಆಸೆ ಜೋರಾದಾಗೆಲ್ಲ ಹೊತ್ತು ಎಷ್ಟು, ಆ ದಿನ ಏನಾಗಿತ್ತು ಅಂತ ಎರಡು ಸಾಲು ಬರೆದಿಡಿ ಅಂದೆ. ಬರೆದುಕೊಂಡು ಬಂದದ್ದನ್ನು ನೋಡಿದರೆ ವಿಷಯ ಎದ್ದು ಕಾಣುತ್ತಿತ್ತು. ಎಲ್ಲರೂ ಮಲಗಿದ ಮೇಲೆ, ಕೈಯಲ್ಲಿ ಫೋನು. ಆಫೀಸಿನಲ್ಲಿ ತಾವು ಮಾಡಿದ ಕೆಲಸವನ್ನು ಇನ್ನೊಬ್ಬರು ತಮ್ಮದೆಂದು ಹೇಳಿಕೊಂಡ ದಿನ, ಮೀಟಿಂಗಿನಲ್ಲಿ ಇವರ ಮಾತು ಯಾರೂ ಕೇಳಿಸಿಕೊಳ್ಳದ ದಿನ, ಹುಡುಕಾಟ ಜಾಸ್ತಿ. ಖುಷಿ ಇದ್ದದ್ದು ಹುಡುಕುವಾಗ, ಸಿಕ್ಕಾಗ. ಪಾರ್ಸೆಲ್ ಬಿಚ್ಚುವ ಹೊತ್ತಿಗೆ ಅದು ಇಳಿದುಹೋಗಿರುತ್ತಿತ್ತು.

ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನ ಮನಸ್ಸನ್ನು ಜಾಸ್ತಿ ಹಿಡಿಯುತ್ತದೆ. ಪಾರಿವಾಳ, ಇಲಿಗಳ ಮೇಲೆ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಇದೇ. ಹೊಸ ಬಟ್ಟೆಯಾದರೆ ನಾಳೆಯೂ ಸಿಗುತ್ತದೆ. ಹಳೆಯದು ಒಂದೇ ಒಂದು, ಇವತ್ತು ಬಿಟ್ಟರೆ ಹೋಯಿತು. ಆದರೆ ಇವರ ವಿಷಯದಲ್ಲಿ ಅಷ್ಟೇ ಅಲ್ಲ ಅಂತ ನನಗೆ ಅನ್ನಿಸಿತು. ಮಸುಕು ಫೋಟೋ ನೋಡಿ ಇದು ಯಾವ ದಶಕದ್ದು ಅಂತ ಹೇಳಬಲ್ಲ ಹೆಂಗಸು ಅವರು. ದಿನವಿಡೀ ಯಾರಿಗೂ ಬೇಡವಾದ ಅವರ ಚುರುಕು ಕಣ್ಣು, ರಾತ್ರಿ ಅಲ್ಲಿ ಕೆಲಸಕ್ಕೆ ಬರುತ್ತಿತ್ತು. ಅದನ್ನೂ ಕಿತ್ತುಕೊಂಡು "ಇನ್ನು ಕೊಳ್ಳಲೇಬೇಡಿ" ಅಂದರೆ ಎರಡು ವಾರ ತಡೆದಾರು, ಆಮೇಲೆ ಇನ್ನೂ ಗುಟ್ಟಾಗಿ ಕೊಳ್ಳುತ್ತಾರೆ.

ಹಾಗಾಗಿ ಬೇಡ ಅನ್ನಲಿಲ್ಲ. ಮೊದಲು ದುಡ್ಡಿನ ವಿಷಯ: ಫೋನಿನಲ್ಲಿ ಉಳಿಸಿಟ್ಟಿದ್ದ ಕಾರ್ಡಿನ ವಿವರ ತೆಗೆದುಹಾಕಿ, ತಿಂಗಳಿಗೆ ಇಷ್ಟು ಅಂತ ಬೇರೆ ಖಾತೆಯಲ್ಲಿಟ್ಟು, ಅದರಿಂದ ಮಾತ್ರ ಕೊಳ್ಳಿ ಅಂದೆ. ಪಾರ್ಸೆಲ್ ಮನೆಗೇ ಬರಬೇಕು, ಇದರಲ್ಲಿ ರಾಜಿ ಇಲ್ಲ. ರಾತ್ರಿ ನೋಡಿದ್ದನ್ನು ಬೆಳಿಗ್ಗೆ ಎದ್ದ ಮೇಲೆ ಕೊಳ್ಳಬಹುದು, ಅದೂ ಮಾರುವವರಿಂದ ಎದೆ, ಸೊಂಟದ ಅಳತೆ ತರಿಸಿಕೊಂಡು, ಟೇಪು ಹಿಡಿದು, ಇವತ್ತಿನ ಮೈಗೆ ಆಗುತ್ತಾ ಅಂತ ನೋಡಿ. ರಾತ್ರಿಯೇ ಯಾರೋ ಕೊಂಡುಬಿಟ್ಟರೆ? ಕೊಳ್ಳಲಿ. ಕೊಳ್ಳದೇ ಸುಮ್ನೆ ಕೂತರೆ ಆಸೆ ಏರಿ, ಒಂದು ಹಂತಕ್ಕೆ ಬಂದು, ತಾನಾಗಿ ಇಳಿಯುತ್ತದೆ. ಇದನ್ನು ನಾನು ಹೇಳಿದರೆ ನಂಬುವುದು ಕಷ್ಟ, ಒಂದೆರಡು ರಾತ್ರಿ ಅನುಭವಿಸಿದರೆ ನಂಬಿಕೆ ಬರುತ್ತದೆ.

ಆಮೇಲೆ, ಹಾಕಿಕೊಳ್ಳಿ ಅಂದೆ. ಇದಕ್ಕೆ ತುಂಬ ಎಳೆದಾಡಿದರು. ಅವರ ಹತ್ತಿರ ನೂರು ವರ್ಷ ದಾಟಿದ ಒಂದು ರೇಷ್ಮೆ ಕುಪ್ಪಸ ಇತ್ತು. ಆ ಕಾಲದಲ್ಲಿ ರೇಷ್ಮೆಯ ತೂಕ ಹೆಚ್ಚಿಸಲು ತವರದ ಲವಣ ಸೇರಿಸುತ್ತಿದ್ದರು, ಅಂಥ ಬಟ್ಟೆ ಕೈ ಮುಟ್ಟದಿದ್ದರೂ ಮಡಿಕೆಯ ಗುಂಟ ಸೀಳುತ್ತದೆ. ಇದೂ ಸೀಳಿತ್ತು. ಇದನ್ನು ಹಾಕುವುದು ಬೇಡ, ಸರಿ. ಆದರೆ ಉಣ್ಣೆ ಫ್ರಾಕು ಗಟ್ಟಿಯಾಗಿದೆ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ತಂತಿ ಹ್ಯಾಂಗರಿಗೆ ನೇತುಹಾಕಿದರೆ ಭುಜ ಜಗ್ಗುತ್ತೆ, ನುಸಿ ಹಿಡಿದರೂ ಗೊತ್ತಾಗಲ್ಲ. ಇದೆಲ್ಲ ನನಗೆ ಹೇಳಿಕೊಟ್ಟಿದ್ದೇ ಅವರು! ನಾನು ಅದನ್ನೇ ಅವರಿಗೆ ತಿರುಗಿಸಿ ಹೇಳಿದೆ ಅಷ್ಟೇ. ಮೈಗೆ ಆಗುವ ಒಂದನ್ನು ವಾರಕ್ಕೊಮ್ಮೆ ಆಫೀಸಿಗೆ ಹಾಕಿಕೊಂಡು ಹೋಗಬೇಕು ಅಂತ ಒಪ್ಪಂದವಾಯಿತು.

ಗಂಡನನ್ನೂ ಒಮ್ಮೆ ಕರೆಸಿದೆ. "ಯಾರೋ ಹಾಕಿ ಬಿಟ್ಟಿದ್ದು, ಸತ್ತವರದ್ದೂ ಇರಬಹುದು, ಮನೆಗೆ ಯಾಕೆ ತರಬೇಕು?" ಅಂದರು. "ರೀ, ಒಗೆದೇ ಇಡ್ತೀನಲ್ಲ" ಅಂತ ಇವರು. ನಾನು ಗಂಡನಿಗೆ ನೇರವಾಗಿ ಹೇಳಿದೆ, ಬಟ್ಟೆ ನಿಮಗೆ ಇಷ್ಟವಾಗಲೇಬೇಕು ಅಂತಿಲ್ಲ, ಸಾಲದ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಅದು ನಿಮ್ಮ ಹಕ್ಕು, ಆದರೆ ಹೊಸ ಪಾರ್ಸೆಲ್ ಬಂದಾಗಲೆಲ್ಲ ಮಗಳ ಮುಂದೆ ಗೇಲಿ ಮಾಡಿದರೆ ಅದು ಮತ್ತೆ ಊಟದ ಡಬ್ಬಿಯ ಕೆಳಗೇ ಹೋಗುತ್ತದೆ.

ಆಗದ ಬಟ್ಟೆಗಳನ್ನು ಮಾರಲು ಹೊರಟಾಗ ಇನ್ನೊಂದು ತಲೆನೋವು. ಅವರು ಹೇಳುವ ಬೆಲೆಗೆ ಯಾರೂ ಬರಲಿಲ್ಲ. ಕಾನೆಮನ್, ಕ್ನೆಚ್, ಥೇಲರ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಫಿ ಮಗ್ ಕೈಗೆ ಸಿಕ್ಕಿದವರು ಅದನ್ನು ಕೊಡಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧವಿದ್ದದ್ದರ ಸುಮಾರು ಎರಡರಷ್ಟಿತ್ತು. ನಮ್ಮದು ಅಂದ ಕೂಡಲೇ ಬೆಲೆ ಏರುತ್ತೆ ಅಲ್ವಾ? ಇದನ್ನು ಹೇಳಿದ ಮೇಲೆ ನಕ್ಕು, ಬೆಲೆ ಇಳಿಸಿದರು. ಮಗಳ ಬೀರು ಖಾಲಿಯಾಯಿತು.

ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆ. ನಡುವೆ ಒಂದು ಕೆಟ್ಟ ವಾರ ಬಂತು, ಒಟ್ಟಿಗೆ ಮೂರು ಕೋಟು ಕೊಂಡರು. ಆದರೆ ಆ ಸಂಜೆಯೇ ಗಂಡನಿಗೆ ಹೇಳಿದರು, ನನಗೆ ಅದೇ ದೊಡ್ಡದು. ಈಗ ಗೆಳತಿಯರ ಹಳೆಯ ಬಟ್ಟೆಗಳಿಗೆ ರಿಪೇರಿ ಹೊಲಿಗೆ ಹಾಕಿಕೊಡುತ್ತಾರೆ, ಹಸಿರು ಫ್ರಾಕು ಹಾಕುತ್ತಾರೆ.

ಇಂಥದ್ದೇ ಸೆಳೆತ ಇರುವವರಿಗೆ ಒಂದು ಮಾತು. ಮನೆ ಖರ್ಚಿನ ದುಡ್ಡು ಇದಕ್ಕೆ ಹೋಗುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಬಟ್ಟೆ ಹುಡುಕುವುದು ಬಿಟ್ಟು ಬೇರೆ ಯಾವುದರಲ್ಲೂ ಖುಷಿಯೇ ಕಾಣದಿದ್ದರೆ ಆಪ್ತಸಲಹೆ ಒಂದೇ ಸಾಲದು, ಮನೋವೈದ್ಯರನ್ನೂ ನೋಡಿ. ಒಳಗೆ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಈ ಪ್ರಕರಣದಲ್ಲಿ ಹಾಗಿರಲಿಲ್ಲ. ಕಾರ್ಡಿನ ಬಾಕಿ ತೀರುವವರೆಗೆ ತಿಂಗಳಿಗೊಮ್ಮೆ ಬರುತ್ತೇನೆ ಅಂದಿದ್ದಾರೆ.