‘ದಿ ಕ್ಲೈಂಟ್ ವಾಸ್ ಕೂಲ್ ಟು ದಿ ಐಡಿಯಾ’ ಅಂದರೆ ಗ್ರಾಹಕರು ಒಪ್ಪಿದರು ಅಂತಲೋ, ಇಲ್ಲ ಅಂತಲೋ?

ಒಪ್ಪಿಲ್ಲ. ನಿಮ್ಮ ಅಮೆರಿಕದ ಮ್ಯಾನೇಜರ್ ಮೇಲ್‌ನಲ್ಲಿ ಬರೆದಿರುವುದು ‘ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ’ ಎಂದು. ಹುಡುಗರ ಬಾಯಲ್ಲಿ ‘ಸಖತ್’ ಎನ್ನುವ ಅರ್ಥ ಕೊಡುವ ಪದ, ನಿಘಂಟು ತೆರೆದರೆ ‘ತಂಪು’ ಎನ್ನುವ ಪದ, ಇಲ್ಲಿ ಹೇಗೆ ನಿರಾಸಕ್ತಿಯಾಯಿತು ಎಂದು ಕೇಳಿದ್ದೀರಿ. ಉತ್ತರ ಇರುವುದು ‘ಕೂಲ್’ನಲ್ಲಿ ಅಲ್ಲ, ಅದರ ಬಗಲಲ್ಲಿ ಕೂತಿರುವ ‘ಟು’ನಲ್ಲಿ.

‘ಕೂಲ್ ಟು’, ‘ಕೂಲ್ ಟುವರ್ಡ್’, ಬ್ರಿಟಿಷರ ‘ಕೂಲ್ ಆನ್’ ಮೂರೂ ಉತ್ಸಾಹ ಇಲ್ಲದಿರುವುದನ್ನು ಹೇಳುತ್ತವೆ. ‘ಕೂಲ್ ವಿತ್’ ಅಂದರೆ ಅಭ್ಯಂತರವಿಲ್ಲ. ಆ ಮೇಲ್‌ನಲ್ಲಿ ‘ಟು’ ಬದಲು ‘ವಿತ್’ ಇದ್ದಿದ್ದರೆ ಗ್ರಾಹಕರು ಒಪ್ಪಿದ್ದಾರೆ ಎಂದೇ ಆಗುತ್ತಿತ್ತು. ‘ಕೂಲ್ ಅಬೌಟ್’ ಮೂರನೆಯದು: ‘ಶಿ ವಾಸ್ ಕೂಲ್ ಅಬೌಟ್ ದಿ ಡಿಲೇ’ ಎಂದರೆ ತಡವಾದದ್ದಕ್ಕೆ ಆಕೆ ರೇಗಲಿಲ್ಲ, ಸಮಾಧಾನವಾಗಿ ತೆಗೆದುಕೊಂಡರು. ಇನ್ನು ‘ಕೂಲ್’ ಆದ ಮೇಲೆ ‘ರಿಸೆಪ್ಷನ್’, ‘ರೆಸ್ಪಾನ್ಸ್’, ‘ವೆಲ್ಕಮ್’ ಥರದ ನಾಮಪದ ಬಂದರೆ ಸಾಮಾನ್ಯವಾಗಿ ಅದೂ ನಿರಾಸಕ್ತಿಯೇ. ನಮ್ಮ ಪತ್ರಿಕೆಗಳು ‘ನೀರಸ ಪ್ರತಿಕ್ರಿಯೆ’ ಎಂದು ಬರೆಯುತ್ತವಲ್ಲ, ಅದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಕನ್ನಡಿಗರು ಇಲ್ಲಿ ಎಡವುವುದಕ್ಕೆ ಬಲವಾದ ಕಾರಣವಿದೆ ಎಂದು ನನಗನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ತಂಪು ಹೆಚ್ಚಾಗಿ ಒಳ್ಳೆಯದರ ಕಡೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ, ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯುತ್ತೇವೆ, ಹಸಿರು ಗದ್ದೆ ಕಣ್ಣಿಗೆ ತಂಪು. ಬಿಸಿ ಹಾಗಲ್ಲ. ಬಿಸಿ ಮುಟ್ಟಿಸುವುದು ಎಂದರೆ ಬುದ್ಧಿ ಕಲಿಸುವುದು. ಚಳಿಯ ನಾಡಿನಲ್ಲಿ ಬೆಳೆದ ಇಂಗ್ಲಿಷ್‌ನಲ್ಲಿ ಬೆಚ್ಚಗಿರುವುದೇ ಪ್ರೀತಿ. ಅದಕ್ಕೇ ಅವರ ‘ವಾರ್ಮ್ ವೆಲ್ಕಮ್’ ನಮ್ಮಲ್ಲಿ ಆತ್ಮೀಯ ಸ್ವಾಗತ ಆಗುತ್ತದೆ, ಬಿಸಿ ಸ್ವಾಗತ ಆಗುವುದಿಲ್ಲ. ‘ಕೂಲ್’ ಓದಿದ ತಕ್ಷಣ ಮನಸ್ಸು ‘ತಂಪು’ ಎಂದು ಅನುವಾದಿಸಿಕೊಂಡು ಖುಷಿಪಟ್ಟುಬಿಡುತ್ತದೆ, ಅಲ್ಲೇ ಅರ್ಥ ತಲೆಕೆಳಗಾಗುತ್ತದೆ.

ನಿಘಂಟಿನ ಅರ್ಥವೂ ಒಂದೇ ಅಲ್ಲ. ‘ಕೂಲ್’, ‘ಕೋಲ್ಡ್’, ‘ಚಿಲ್’ ಒಂದೇ ಬೇರಿನ ಹಳೆಯ ಪದಗಳು. ಆವೇಶವಿಲ್ಲದ, ಶಾಂತವಾದ ಎಂಬ ಅರ್ಥವೂ ತೀರಾ ಹಳೆಯದೇ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ‘ಕೂಲ್ ರೀಸನ್’ ಬರುತ್ತದೆ, ಅಂದರೆ ಭಾವಾವೇಶವಿಲ್ಲದ ವಿವೇಕ. ಸಿಟ್ಟು ಇಲ್ಲದಿರುವುದರಿಂದ ಶಾಂತಿಯೂ, ಪ್ರೀತಿ ಇಲ್ಲದಿರುವುದರಿಂದ ಉದಾಸೀನವೂ ಹುಟ್ಟುತ್ತವೆ. ಎರಡು ಕವಲಿಗೂ ಮೂಲ ಒಂದೇ, ಕಾವು ಇಲ್ಲದಿರುವುದು.

‘ಸಖತ್’ ಎಂಬ ಅರ್ಥ ಬಂದದ್ದು ಅಮೆರಿಕದ ಕಪ್ಪು ಜನರ ಮಾತಿನಿಂದ. ಅಲ್ಲಿನ ಲೇಖಕಿ ಜೋರಾ ನೀಲ್ ಹರ್ಸ್ಟನ್ 1933ರಲ್ಲಿ ಪ್ರಕಟಿಸಿದ ಕಥೆಯೊಂದರ ಸಂಭಾಷಣೆಯಲ್ಲೇ ಅದು ಸಿಗುತ್ತದೆ. ಮುಂದೆ 1940ರ ದಶಕದ ಜಾಝ್ ಸಂಗೀತಗಾರರ ಬಳಗದಿಂದ ಎಲ್ಲೆಡೆ ಹಬ್ಬಿತು. ಅಂದಿನ ಎಷ್ಟೋ ಗ್ರಾಮ್ಯ ಪದಗಳು ಹಳಸಿಹೋಗಿವೆ, ಇದು ಮಾತ್ರ ಇವತ್ತಿಗೂ ಹದಿಹರೆಯದವರ ಬಾಯಲ್ಲಿ ಉಳಿದಿದೆ.

ಮಾತಿನಲ್ಲಿ ಎದುರಾಗುವ ಇನ್ನು ಕೆಲವು ಬಳಕೆಗಳು ನಿಮಗೆ ಕೆಲಸಕ್ಕೆ ಬರುತ್ತವೆ. ಕಾಫಿ ಬೇಕಾ ಎಂದಾಗ ‘ಐ ಆಮ್ ಕೂಲ್’ ಎಂದರೆ ‘ಬೇಡ, ಪರವಾಗಿಲ್ಲ’ ಎಂದು. ಲೋಟ ತುಂಬಿಸಬೇಡಿ. ಜಗಳವಾದ ಮೇಲೆ ‘ಆರ್ ವಿ ಕೂಲ್?’ ಎಂದು ಕೇಳಿದರೆ ‘ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ತಾನೆ?’ ಎಂದರ್ಥ. ‘ನಾಟ್ ಕೂಲ್’ ಎಂದು ಮೇಲಿನವರು ಹೇಳಿದರೆ ಅದು ಗದರಿಕೆ, ‘ನೀನು ಮಾಡಿದ್ದು ಸರಿಯಲ್ಲ’. ಚಾಟ್‌ನಲ್ಲಿ ಬರೀ ‘ಕೂಲ್’ ಎಂದು ಬಂದರೆ ಹೊಗಳಿಕೆ ಎಂದುಕೊಳ್ಳಬೇಡಿ. ನಮ್ಮ ‘ಆಯ್ತು’ ಅಷ್ಟೇ. ಹಣದ ಮುಂದೆ ಬಂದಾಗ ಇನ್ನೊಂದೇ ಅರ್ಥ. ‘ಎ ಕೂಲ್ ಮಿಲಿಯನ್’ ಎಂದರೆ ಬರೋಬ್ಬರಿ ಹತ್ತು ಲಕ್ಷ. ಇದಕ್ಕೆ ‘ಬರೋಬ್ಬರಿ’ಗಿಂತ ಒಪ್ಪುವ ಕನ್ನಡ ಪದ ನನಗೆ ಹೊಳೆಯುವುದಿಲ್ಲ. ‘ಕೂಲ್ ಯುವರ್ ಹೀಲ್ಸ್’ನಲ್ಲಿ ಹಿಮ್ಮಡಿಗೆ ಕೆಲಸವಿಲ್ಲ, ಬಾಗಿಲಲ್ಲಿ ಕಾದು ಕೂರಬೇಕು ಎಂದಷ್ಟೇ.

ನೀವೇ ಬರೆಯುವಾಗ ಹೆಚ್ಚು ಎಚ್ಚರ ಬೇಕಾದದ್ದು ‘ಕೂಲ್ಲಿ’ ಎಂಬ ಕ್ರಿಯಾವಿಶೇಷಣದ ಬಗ್ಗೆ. ‘ಸ್ವಲ್ಪ ಕೂಲಾಗಿ ಮಾತಾಡಿ’ ಎಂದು ನಾವು ಬೆಂಗಳೂರಿನಲ್ಲಿ ದಿನಾ ಹೇಳುತ್ತೇವೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ಸ್ಪೋಕ್ ಟು ಹಿಮ್ ಕೂಲ್ಲಿ’ ಎಂದು ಬರೆದರೆ, ಓದಿದವರಿಗೆ ‘ಮುಖ ಕೊಟ್ಟು ಮಾತಾಡಲಿಲ್ಲ’ ಎಂದು ಕೇಳಿಸುತ್ತದೆ. ಸಮಾಧಾನವಾಗಿ ಎನ್ನಬೇಕಾದಲ್ಲಿ ‘ಕಾಮ್‌ಲಿ’ ಬಳಸಿ. ಅಂದಹಾಗೆ ‘ಕೂಲ್ಲಿ’ಯ ಕಾಗುಣಿತದಲ್ಲಿ ಎರಡು ಎಲ್ ಇರಬೇಕು. ನಮ್ಮ ‘ಕೂಲಿ’ಗೆ ಹತ್ತಿರದ, ಭಾರತದ ಭಾಷೆಗಳಿಂದ ಇಂಗ್ಲಿಷಿಗೆ ಹೋದ ‘ಕೂಲಿ’ ಎಂಬ ಪದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ಪದ ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ಹೀಯಾಳಿಸುವ ಬೈಗುಳ. ಆದ್ದರಿಂದ ಉಚ್ಚರಿಸುವಾಗಲೂ ಜೋಪಾನ.

‘ಕೂಲ್ ಡ್ರಿಂಕ್ಸ್’, ‘ಕೂಲಿಂಗ್ ಗ್ಲಾಸ್’ ಎರಡನ್ನೂ ಅಮೆರಿಕಕ್ಕೆ ಕೊಂಡೊಯ್ಯಬೇಡಿ. ಅಲ್ಲಿ ಮೊದಲನೆಯದು ಊರನ್ನು ನೋಡಿಕೊಂಡು ‘ಸೋಡಾ’ ಅಥವಾ ‘ಪಾಪ್’, ಎರಡನೆಯದು ‘ಸನ್‌ಗ್ಲಾಸಸ್’. ‘ಕೂಲರ್’ ಕೇಳಿದರೆ ಬೇಸಿಗೆಯ ಫ್ಯಾನ್ ಪೆಟ್ಟಿಗೆ ಸಿಗುವುದಿಲ್ಲ, ಐಸ್ ತುಂಬಿ ಪಿಕ್ನಿಕ್‌ಗೆ ಒಯ್ಯುವ ಡಬ್ಬಿ ಸಿಗುತ್ತದೆ.

ತಾಪಮಾನದ ಅರ್ಥದಲ್ಲೂ ಒಂದು ಬಲೆ ಇದೆ, ಮತ್ತು ಇದು ಆರೋಗ್ಯದ ವಿಷಯ. ಔಷಧಿ ಬಾಟಲಿಯ ಮೇಲೆ ‘ಸ್ಟೋರ್ ಇನ್ ಎ ಕೂಲ್ ಪ್ಲೇಸ್’ ಎಂದಿದ್ದರೆ ಬಹಳ ಜನ ನೇರ ಫ್ರಿಜ್ಜಿಗೆ ಇಡುತ್ತಾರೆ. ಔಷಧ ಕ್ಷೇತ್ರದಲ್ಲಿ ‘ಕೂಲ್’ ಬೇರೆ, ‘ಕೋಲ್ಡ್’ ಬೇರೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್ಜು ‘ಕೋಲ್ಡ್’. ‘ಕೂಲ್’ ಅದಕ್ಕಿಂತ ಮೇಲೆ, ನಮ್ಮ ದೇಶದಲ್ಲಿ 25 ಡಿಗ್ರಿ ಮೀರದ ಜಾಗ. ಅಮೆರಿಕದ ಔಷಧಕೋಶದಲ್ಲಿ, ಅಂದರೆ ಔಷಧಿಗಳ ಅಧಿಕೃತ ಮಾನದಂಡಗಳ ಪುಸ್ತಕದಲ್ಲಿ, 8ರಿಂದ 15 ಡಿಗ್ರಿ. ಕೆಲವು ಸಿರಪ್‌ಗಳು ಫ್ರಿಜ್ಜಿನಲ್ಲಿ ಮಂದವಾಗುತ್ತವೆ ಅಥವಾ ಸಕ್ಕರೆ ಹರಳುಗಟ್ಟಿ ತಳ ಸೇರುತ್ತದೆ, ಆಗ ಚಮಚದ ಅಳತೆ ಕೆಡುತ್ತದೆ. ಫ್ರಿಜ್ಜಿಗೇ ಇಡಬೇಕಾದ ಔಷಧಿಯ ಮೇಲೆ ‘ರೆಫ್ರಿಜರೇಟ್’ ಎಂದೋ ‘2–8’ ಎಂದೋ ಇರುತ್ತದೆ. ಗೊಂದಲವಾದರೆ ಔಷಧಿ ಅಂಗಡಿಯವರನ್ನೇ ಕೇಳಿ.

ನಿಘಂಟು ನೋಡುವ ರೀತಿಯನ್ನೂ ಸ್ವಲ್ಪ ಬದಲಿಸಿಕೊಳ್ಳಿ. ಮೆರಿಯಂ-ವೆಬ್‌ಸ್ಟರ್ ಅರ್ಥಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸುತ್ತದೆ. ಅಲ್ಲಿ ಒಂದನೆಯ ಅರ್ಥ ಅತಿ ಹಳೆಯದೇ ಹೊರತು ಅತಿ ಬಳಕೆಯದು ಎಂದಲ್ಲ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥವನ್ನು ಮೊದಲಿಡುತ್ತವೆ, ನಿಮಗೆ ಅವೇ ಒಳ್ಳೆಯದು. ಅರ್ಥದ ಪಕ್ಕ ‘ಇನ್‌ಫಾರ್ಮಲ್’ ಅಥವಾ ‘ಸ್ಲ್ಯಾಂಗ್’ ಎಂಬ ಗುರುತು ಇದ್ದರೆ ಅದನ್ನು ಅರ್ಜಿಯಲ್ಲಿ, ಒಪ್ಪಂದದಲ್ಲಿ ಬಳಸಬೇಡಿ. ಕೊನೆಗೆ ಉದಾಹರಣೆ ವಾಕ್ಯಗಳನ್ನು ಓದಿ. ‘ಟು’, ‘ವಿತ್’ ಎಂಬ ವ್ಯತ್ಯಾಸ ಅಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

ಸದ್ಯಕ್ಕೆ ಆ ಮೇಲ್‌ಗೆ ‘ಗ್ರೇಟ್ ನ್ಯೂಸ್’ ಎಂದು ಉತ್ತರಿಸಬೇಡಿ. ಗ್ರಾಹಕರಿಗೆ ಯಾವ ಅಂಶ ಹಿಡಿಸಲಿಲ್ಲ, ಬೆಲೆಯೋ ಸಮಯವೋ ಎಂದು ಕೇಳಿ ಬರೆಯಿರಿ. ‘ಕೂಲ್’ ಇನ್ನೂ ‘ನೋ’ ಆಗಿಲ್ಲ.