ಬೆಳಿಗ್ಗೆ ಹೋಗಿ ಸಂಜೆ ಬರುವವರ ಮನೆಯ ನಾಯಿಮರಿ

ನೀವು ಕೇಳಿದ್ದರ ಸಾರ ಇಷ್ಟು: ಮಂಗಳೂರಿನ ಬಿಜೈಯಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದೀರಿ, ಹಂಪನಕಟ್ಟೆಯ ಬ್ಯಾಂಕಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮರಳುವಾಗ ಸಂಜೆ ಆರೂವರೆ, ಹತ್ತು ವಾರದ ಮರಿ ದಿನವೂ ಮನೆ ತುಂಬ ಒಂದು-ಎರಡು ಮಾಡಿರುತ್ತದೆ, ಬೈದರೆ ತಪ್ಪು ಒಪ್ಪಿಕೊಂಡ ಮುಖ ಮಾಡಿ ಸೋಫಾದ ಅಡಿ ಸೇರುತ್ತದೆ, ಮರುದಿನ ಮತ್ತೆ ಅದೇ ಕಥೆ. ಹೊರಗೆ ದುಡಿಯುವವರು ಮರಿ ಸಾಕುವುದೇ ತಪ್ಪೇ ಎಂದು ಕೊನೆಯಲ್ಲಿ ಕೇಳಿದ್ದೀರಿ.

ತಪ್ಪಲ್ಲ. ಆದರೆ ಹತ್ತು ವಾರದ ಮರಿಗೆ ಒಂಬತ್ತೂವರೆ ಗಂಟೆ ತಡೆದುಕೊಳ್ಳಲು ಕಲಿಸಬಹುದು ಎಂದು ಭಾವಿಸಿದ್ದರೆ ಅದು ತಪ್ಪು. ನಾಯಿ ಸಾಕಿದವರು ಸಾಮಾನ್ಯವಾಗಿ ಹೇಳುವ ಅಂದಾಜಿನ ಲೆಕ್ಕವೊಂದಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಎಷ್ಟಾಗುತ್ತದೋ ಅಷ್ಟು ಗಂಟೆ ಅದು ಹೆಚ್ಚೆಂದರೆ ತಡೆದೀತು. ನಿಮ್ಮ ಮರಿಗೆ ಎರಡೂವರೆ ತಿಂಗಳು. ಅಂದರೆ ಮೂರೂವರೆ ಗಂಟೆ, ಅದೂ ಆಟವಾಡದೆ ಸುಮ್ಮನೆ ಮಲಗಿದ್ದರೆ. ನಾಲ್ಕು ತಿಂಗಳು ತುಂಬುವವರೆಗೆ ಮೂತ್ರಕೋಶದ ಸ್ನಾಯುಗಳ ಮೇಲೆ ಮರಿಗೆ ಪೂರ್ತಿ ಹಿಡಿತವೇ ಬಂದಿರುವುದಿಲ್ಲ. ರಾತ್ರಿ ಆರು ಗಂಟೆ ಸುಮ್ಮನಿರುವ ಮರಿಗೆ ಹಗಲು ಏಕೆ ಸಾಧ್ಯವಾಗುವುದಿಲ್ಲ ಎಂದು ನೀವು ಕೇಳಬಹುದು. ನಿದ್ದೆಯಲ್ಲಿ ಮೂತ್ರ ಕಡಿಮೆ ಉತ್ಪತ್ತಿಯಾಗುತ್ತದೆ. ಹಗಲು ಎದ್ದು ಓಡಾಡಿ, ನೀರು ಕುಡಿದು, ಚಪ್ಪಲಿ ಕಚ್ಚಿ ಆಡುವ ಮರಿಯ ಲೆಕ್ಕವೇ ಬೇರೆ.

ಇದನ್ನು ನಾನು ಓದಿ ತಿಳಿದುಕೊಳ್ಳುವ ಮೊದಲು ಪೆಟ್ಟು ತಿಂದೇ ತಿಳಿದೆ. ಉಡುಪಿಯ ಕುಂಜಿಬೆಟ್ಟಿನಲ್ಲಿ ಹೆಂಚಿನ ಮಾಡಿನ ಹಳೆಯ ಬಾಡಿಗೆ ಮನೆಯಲ್ಲಿದ್ದುಕೊಂಡು ಮಂಗಳೂರಿನ ಕಚೇರಿಗೆ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕಾಲದಲ್ಲಿ ಒಂದು ನಾಡುನಾಯಿಯ ಮರಿಯನ್ನು ತಂದೆ. ಕರಿಯ ಎಂದು ಹೆಸರಿಟ್ಟೆ. ತಂದದ್ದು ಆಟಿ ತಿಂಗಳ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್ ನಡುವಿನ ತಿಂಗಳು) ಜಡಿಮಳೆಯಲ್ಲಿ. ಆಟಿಯಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎಂದು ಹಿರಿಯರು ಹೇಳಿದ್ದನ್ನು ನಾನು ನಕ್ಕು ತಳ್ಳಿಹಾಕಿದ್ದೆ. ನಾಯಿಮರಿಯ ಮಟ್ಟಿಗಾದರೂ ಆ ಮಾತಿಗೆ ಬೆಲೆ ಕೊಡಬೇಕಿತ್ತು. ಬೆಳಿಗ್ಗೆ ಏಳೂವರೆಗೆ ಬಾಗಿಲು ಹಾಕಿ ಹೋದರೆ ಸಂಜೆ ಏಳಕ್ಕೆ ತೆರೆಯುತ್ತಿದ್ದೆ. ಕಾವಿ ನೆಲದ ಮೇಲೆ ಅಲ್ಲಲ್ಲಿ ಒಣಗಿದ ಮೂತ್ರದ ಬಿಳಿ ಅಂಚು, ಚಾಪೆಯ ಮೂಲೆಯಲ್ಲಿ ಇನ್ನೊಂದು. ಬೈದೆ, ಒಂದೆರಡು ಸಲ ಮೂತಿಯನ್ನು ಅದಕ್ಕೇ ಒತ್ತಿ ಹಿಡಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಎರಡನೇ ವಾರಕ್ಕೆ ಏನಾಯಿತೆಂದರೆ, ನಾನು ಗೇಟಿನ ಚಿಲಕ ತೆಗೆದ ಸದ್ದಿಗೇ ಕರಿಯ ಹೊಸ್ತಿಲ ಒಳಗೆ ನಿಂತಲ್ಲೇ, ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ನೆಲಕ್ಕಿಟ್ಟು ಮೂತ್ರ ಬಿಡತೊಡಗಿದ. ಅಲ್ಲಿಯವರೆಗೆ ಇಲ್ಲದಿದ್ದ ಒಂದು ಹೊಸ ತೊಂದರೆಯನ್ನು ನಾನೇ ಕಲಿಸಿಕೊಟ್ಟಿದ್ದೆ.

ಪಕ್ಕದ ಮನೆಯ ಅಮ್ಮ ಇದನ್ನೆಲ್ಲ ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದವರು ಒಂದು ದಿನ ಕೇಳಿದರು: "ನೀವೊಮ್ಮೆ ಬೆಳಿಗ್ಗೆಯಿಂದ ಸಂಜೆವರೆಗೆ ಕಕ್ಕಸಿಗೆ ಹೋಗದೆ ಕೂತ್ಕೊಳ್ಳಿ ನೋಡುವ. ಅದು ಸಣ್ಣ ಮಗು ಅಲ್ವಾ ಮಾರಾಯ್ರೆ?" ನನ್ನ ತರಬೇತಿ ನಿಜವಾಗಿ ಶುರುವಾದದ್ದು ಆ ದಿನ.

ನೀವು ಹೇಳುವ ಆ ತಪ್ಪೊಪ್ಪಿಗೆಯ ಮುಖದ ವಿಚಾರವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 2009ರಲ್ಲಿ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಒಂದು ಪ್ರಯೋಗ ನಡೆಸಿದರು. ತಿನ್ನಬಾರದೆಂದು ಹೇಳಿದ ತಿಂಡಿಯ ಎದುರು ನಾಯಿಯನ್ನು ಬಿಟ್ಟು ಯಜಮಾನರು ಹೊರಗೆ ಹೋಗುತ್ತಿದ್ದರು. ಮರಳಿ ಬಂದಾಗ ಅವರಿಗೆ ನಾಯಿ ತಿಂದಿದೆ ಅಥವಾ ತಿಂದಿಲ್ಲ ಎಂದು ಹೇಳಲಾಗುತ್ತಿತ್ತು, ಅದು ಯಾವಾಗಲೂ ನಿಜವಾಗಿರುತ್ತಿರಲಿಲ್ಲ. ನಾಯಿಯ ಮುಖದಲ್ಲಿ ಆ ಭಾವ ಕಂಡದ್ದು ಅದು ತಿಂದಿತ್ತೇ ಇಲ್ಲವೇ ಎಂಬುದನ್ನು ಅನುಸರಿಸಿ ಅಲ್ಲ, ಯಜಮಾನರು ಬೈದರೇ ಇಲ್ಲವೇ ಎಂಬುದನ್ನು ಅನುಸರಿಸಿ. ಏನೂ ತಿನ್ನದೆಯೂ ಬೈಗುಳ ತಿಂದ ನಾಯಿಗಳಲ್ಲೇ ಅದು ಹೆಚ್ಚಾಗಿ ಕಂಡಿತ್ತು. ಸೋಫಾದ ಅಡಿಗೆ ಹೋಗುವ ನಿಮ್ಮ ಮರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದ್ದು ನೆನಪಾಗಿ ಪಶ್ಚಾತ್ತಾಪವಾಗಿಲ್ಲ. ಎದುರಿಗೆ ನಿಂತ ನಿಮ್ಮನ್ನು ನೋಡಿ ಭಯವಾಗಿದೆ. ಸಂಜೆ ಬಂದಾಗ ಏನೇ ಕಂಡರೂ ಬಾಯಿ ಮುಚ್ಚಿ ಒರೆಸಿ. ಸಾಧ್ಯವಾದರೆ ಮರಿಯನ್ನು ಬೇರೆ ಕೋಣೆಗೆ ಬಿಟ್ಟು ಒರೆಸಿ.

ಇನ್ನು ಮಾಡಬೇಕಾದದ್ದು. ನೀವಿಲ್ಲದ ಹೊತ್ತಿನಲ್ಲಿ ಮರಿಗೆ ಇಡೀ ಮನೆ ಕೊಡಬೇಡಿ, ಹಾಗೆಂದು ಪಂಜರದಲ್ಲಿಯೂ ಕೂಡಿಹಾಕಬೇಡಿ. ಒಂಬತ್ತು ಗಂಟೆ ಪಂಜರದಲ್ಲಿಟ್ಟ ಮರಿ ತಾನು ಮಲಗಿದಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ಮಲಗುವ ಜಾಗವನ್ನು ಶುಚಿಯಾಗಿಡಬೇಕೆಂಬ ಹುಟ್ಟುಗುಣ ಒಮ್ಮೆ ಕೆಟ್ಟರೆ ಸರಿಪಡಿಸುವುದು ಬಹಳ ಕಷ್ಟ. ಅಂಗಡಿಯ ಗೂಡಿನಲ್ಲಿ ಬೆಳೆದ ಮರಿಗಳಿಗೆ ಹೆಚ್ಚು ಸಮಯ ಬೇಕಾಗುವುದು ಇದೇ ಕಾರಣಕ್ಕೆ. ಹಾಲಿನ ಒಂದು ಮೂಲೆಗೋ ಅಡುಗೆಮನೆಯ ಪಕ್ಕದ ಕೆಲಸದ ಜಾಗಕ್ಕೋ ತಡೆಬೇಲಿ ಹಾಕಿ, ಒಂದು ತುದಿಯಲ್ಲಿ ಹಾಸಿಗೆ ಮತ್ತು ನೀರು, ಇನ್ನೊಂದು ತುದಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಟ್ರೇ ಇಡಿ. ಬಾಲ್ಕನಿ ಸುಲಭವೆಂದು ತೋರುತ್ತದೆ, ಆದರೆ ಗ್ರಿಲ್ಲಿನ ಸಂದಿಯಲ್ಲಿ ಆ ಗಾತ್ರದ ಮರಿಯ ತಲೆ ತೂರುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಅಲ್ಲಿ ಬಿಟ್ಟುಹೋಗುವುದಂತೂ ಆಗದ ಮಾತು. ಬಚ್ಚಲುಮನೆಯೂ ಬೇಡ. ನುಣುಪಾದ ಟೈಲ್ಸಿನ ಮೇಲೆ ಮಾಡಿ ಅಭ್ಯಾಸವಾದ ಮರಿಗೆ ಬಚ್ಚಲಿನ ಟೈಲ್ಸಿಗೂ ಹಾಲಿನ ಟೈಲ್ಸಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಪಾದದ ಅಡಿಗೆ ಸಿಗುವ ಸ್ಪರ್ಶವನ್ನು ಮರಿಗಳು ಎಂಟು-ಒಂಬತ್ತು ವಾರದ ಹೊತ್ತಿಗೇ ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತವೆ. ಆದ್ದರಿಂದ ಟ್ರೇಯಲ್ಲಿ ಏನು ಹಾಕುತ್ತೀರಿ ಎಂಬುದು ಸಣ್ಣ ವಿಷಯವಲ್ಲ. ನಾನು ಮೊದಲು ಹಳೆಯ ಪತ್ರಿಕೆ ಹಾಸಿದೆ. ಪರಿಣಾಮವಾಗಿ ಓದುತ್ತ ನೆಲದ ಮೇಲಿಟ್ಟ ಭಾನುವಾರದ ಪುರವಣಿಗೂ ಅದೇ ಮರ್ಯಾದೆ ಸಿಕ್ಕಿತು. ಗೋಣಿಚೀಲ ಹಾಸಿದಾಗ ಬಾಗಿಲ ಬಳಿಯ ಕಾಲೊರೆಸು ಹಾಳಾಯಿತು. ಕೊನೆಗೆ ಕೈಗೂಡಿದ್ದು ಹೊಯಿಗೆ, ಅಂದರೆ ಮರಳು. ತೊಳೆದು ಒಣಗಿಸಿದ ಹೊಯಿಗೆಯನ್ನು ಎರಡು-ಮೂರು ಅಂಗುಲ ದಪ್ಪ ಹಾಕಿ, ಒದ್ದೆಯಾದ ಭಾಗವನ್ನು ದಿನವೂ ತೆಗೆದು, ವಾರಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತಿದ್ದೆ. ಮುಂದೆ ಮಣ್ಣಿಗೆ ಕರೆದೊಯ್ದಾಗ ಮರಿಗೆ ಅದು ಪರಿಚಿತ ಸ್ಪರ್ಶವೇ ಆಗಿರುತ್ತದೆ. ಫ್ಲ್ಯಾಟಿನಲ್ಲಿ ಹೊಯಿಗೆ ಹರಡುವುದು ಬೇಡವೆನಿಸಿದರೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಆಗಬಹುದು, ಆದರೆ ಅದನ್ನು ದಿನವೂ ತೊಳೆಯಬೇಕು. ಯಾವುದಾದರೂ ಸರಿ, ಪೂರ್ತಿ ಹೊಸದಾಗಿ ಹಾಕುವಾಗ ಹಳೆಯದರ ಒಂದು ಹಿಡಿಯನ್ನು ಉಳಿಸಿ ಮೇಲೆ ಉದುರಿಸಿ; ಆ ವಾಸನೆಯೇ ಮರಿಗೆ ಗುರುತು.

ಹೊತ್ತಿನ ವಿಷಯ. ಎದ್ದ ಕೂಡಲೇ, ತಿಂದ ಹದಿನೈದು-ಇಪ್ಪತ್ತು ನಿಮಿಷಕ್ಕೆ, ಆಟ ಮುಗಿದ ಮೇಲೆ ಮರಿಗೆ ಹೋಗಲೇಬೇಕು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ಶರೀರದ ನಿಯಮ. ನೀವು ಒಂಬತ್ತಕ್ಕೆ ಹೊರಡುವವರಾದರೆ ಎಂಟೂಮುಕ್ಕಾಲಿಗೆ ತಟ್ಟೆ ಇಡಬೇಡಿ. ಆರಕ್ಕೆ ಎದ್ದು ಮರಿಯನ್ನು ಎತ್ತಿಕೊಂಡೇ ಟ್ರೇಗೆ ಬಿಡಿ, ನಡೆಸಿಕೊಂಡು ಹೋದರೆ ದಾರಿಯಲ್ಲೇ ಮುಗಿಸುತ್ತದೆ. ಆರೂವರೆಗೆ ಊಟ, ಮತ್ತೆ ಟ್ರೇ, ಸ್ವಲ್ಪ ಆಟ, ಹೊರಡುವ ಮೊದಲು ಇನ್ನೊಮ್ಮೆ ಟ್ರೇ. ಅದು ಮಾಡುತ್ತಿರುವಾಗ ಒಂದೇ ಮಾತನ್ನು ಮೆಲ್ಲಗೆ ಹೇಳಿ. ನಾನು "ಹೋಗಿ ಬಾ" ಎನ್ನುತ್ತಿದ್ದೆ. ಮುಗಿಸಿದ ಕ್ಷಣದಲ್ಲೇ, ಅಲ್ಲಿಯೇ, ಒಂದು ಚೂರು ತಿಂಡಿ ಕೊಡಿ. ಅಡುಗೆಮನೆಗೆ ಹೋಗಿ ಡಬ್ಬಿ ತೆರೆದು ಕೊಟ್ಟರೆ, ಡಬ್ಬಿಯ ಹತ್ತಿರ ಓಡಿಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದು ಅದು ತಿಳಿಯುತ್ತದೆ.

ಆಹಾರದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯನ್ನು ತಿಳಿಯೊಂದಿಗೆ ಸುರಿದು ಹೋದರೆ, ಹನ್ನೊಂದರ ಒಳಗೆ ಆ ತಿಳಿಯೆಲ್ಲ ನೆಲದ ಮೇಲಿರುತ್ತದೆ. ಉಪ್ಪು ಹಾಕಿದ ಮೀನಿನ ಸಾರು ಬೆರೆಸಿದರೆ ಮರಿ ಇನ್ನಷ್ಟು ನೀರು ಕುಡಿಯುತ್ತದೆ. ಹಸುವಿನ ಹಾಲು ಬಹಳ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ, ಭೇದಿಯಾದ ಮರಿಗೆ ಯಾವ ತರಬೇತಿಯೂ ತಗಲುವುದಿಲ್ಲ. ಇಷ್ಟೆಲ್ಲ ಹೇಳಿದೆನೆಂದು ಹಗಲು ನೀರಿನ ಬಟ್ಟಲನ್ನು ತೆಗೆದಿಟ್ಟು ಹೋಗಬೇಡಿ. ಕರಾವಳಿಯ ಸೆಕೆಯಲ್ಲಿ ಅದು ಅಪಾಯ. ರಾತ್ರಿ ಮಲಗುವ ಒಂದೆರಡು ಗಂಟೆ ಮೊದಲು ತೆಗೆದರೆ ಸಾಕು.

ಮಧ್ಯಾಹ್ನ ಒಬ್ಬರು ಬರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ, ಕನಿಷ್ಠ ಐದು ತಿಂಗಳು ತುಂಬುವವರೆಗೆ. ಆ ವಯಸ್ಸಿನ ಮರಿಗೆ ಮಧ್ಯಾಹ್ನದ ಊಟವೂ ಬೇಕಲ್ಲ. ನಿಮ್ಮ ಬ್ಯಾಂಕಿನಿಂದ ಬಿಜೈಗೆ ಸ್ಕೂಟರಿನಲ್ಲಿ ಹತ್ತು-ಹದಿನೈದು ನಿಮಿಷ; ಊಟದ ಬಿಡುವಿನಲ್ಲಿ ನೀವೇ ಬಂದುಹೋಗಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗದಿದ್ದರೆ, ಬೆಳಿಗ್ಗೆ ಬರುವ ಮನೆಕೆಲಸದವರನ್ನು ಒಂದು ಗಂಟೆಯ ಹೊತ್ತಿಗೆ ಬರುವಂತೆ ಕೇಳಿಕೊಳ್ಳಿ, ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳ ಕೊಡಿ. ನನಗೆ ಅರವತ್ತು ಕಿಲೋಮೀಟರ್ ದೂರದಿಂದ ಬರುವ ದಾರಿಯೇ ಇರಲಿಲ್ಲ; ಪಕ್ಕದ ಮನೆಯ ಅಮ್ಮನೇ ಹನ್ನೆರಡೂವರೆಗೆ ಬಂದು, ಊಟ ಹಾಕಿ, ಟ್ರೇ ನೋಡಿ, ಹತ್ತು ನಿಮಿಷ ಮಾತಾಡಿಸಿ ಹೋಗುತ್ತಿದ್ದರು. ಕರಿಯ ಇಂದಿಗೂ ನನ್ನ ಮಾತಿಗಿಂತ ಅವರ ಮಾತನ್ನು ಬೇಗ ಕೇಳುತ್ತಾನೆ.

ಒರೆಸುವುದಕ್ಕೆ ಫಿನಾಯಿಲ್ ಬಳಸುವುದನ್ನು ನಿಲ್ಲಿಸಿ. ಅದು ನಮ್ಮ ಮೂಗಿಗೆ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ನಾಯಿಯ ಮೂಗಿಗಲ್ಲ. ಕಪ್ಪು ಫಿನಾಯಿಲ್ ಪಾದಕ್ಕೆ ಅಂಟಿ, ಮರಿ ಪಾದ ನೆಕ್ಕಿದರೆ ವಿಷವೂ ಹೌದು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಕಿಣ್ವಗಳಿರುವ (ಎನ್‌ಜೈಮ್) ದ್ರವ ಮೂತ್ರದ ಅಂಶವನ್ನೇ ಒಡೆಯುತ್ತದೆ. ಹಾಕಿ ಹತ್ತು-ಹದಿನೈದು ನಿಮಿಷ ಬಿಟ್ಟು ಒರೆಸಬೇಕು. ಟೈಲ್ಸ್ ನೆಲವಾದರೆ ಬಿಳಿ ವಿನೆಗರ್ ಮತ್ತು ನೀರು ಸಮನಾಗಿ ಬೆರೆಸಿದರೂ ನಡೆಯುತ್ತದೆ. ಮಾರ್ಬಲ್ ಅಥವಾ ಕಾವಿ ನೆಲಕ್ಕೆ ವಿನೆಗರ್ ಸೋಕಿಸಬೇಡಿ, ಹೊಳಪು ಹೋಗುತ್ತದೆ. ನನ್ನ ಮನೆಯ ಮಾಲೀಕರಿಗೆ ಆ ಕಲೆಯನ್ನು ವಿವರಿಸಲು ನಾನು ಸಾಕಷ್ಟು ಕಷ್ಟಪಟ್ಟಿದ್ದೇನೆ.

ಕೆಳಗೆ ರಸ್ತೆಬದಿಗೆ ಕರೆದೊಯ್ಯಲು ಆತುರ ಬೇಡ. ಮರಿಗಳಿಗೆ ಮಾರಕವಾದ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರಕ್ಕೆ ಶುರುವಾದ ಚುಚ್ಚುಮದ್ದಿನ ಸರಣಿ ಹದಿನಾರು ವಾರದ ಸುಮಾರಿಗೆ ಮುಗಿಯುತ್ತದೆ. ಬೀದಿನಾಯಿಗಳು ಓಡಾಡುವ ಜಾಗ ಅದರ ನಂತರ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಮಳೆಗಾಲದ ಇಲಿಜ್ವರ ಹೊಸದಲ್ಲ, ನಿಂತ ನೀರಿನಿಂದ ಅದು ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ನಮಗೂ ಬರಬಹುದು. ಅದರ ಲಸಿಕೆ ಸೇರಿದೆಯೇ ಎಂದು ಪಶುವೈದ್ಯರಲ್ಲಿ ಕೇಳಿಕೊಳ್ಳಿ, ಒರೆಸುವಾಗ ಕೈಗವಸು ಹಾಕಿ. ಹೊರಗೆ ಹೋಗಲು ಶುರುಮಾಡಿದ ಮೇಲೆ ಟ್ರೇಯ ಒಂದು ಹಿಡಿ ಹೊಯಿಗೆಯನ್ನು ಅಲ್ಲಿ ಚೆಲ್ಲಿ. ಮಾಡಿದ ಕೂಡಲೇ ಮನೆಗೆ ತಿರುಗಬೇಡಿ, ಐದು ನಿಮಿಷ ಸುತ್ತಾಡಿಸಿ. ಮುಗಿಸಿದರೆ ತಿರುಗಾಟವೂ ಮುಗಿಯಿತು ಎಂದು ಕಲಿತ ಮರಿ ಬೇಕೆಂದೇ ಹೊತ್ತು ಎಳೆಯುತ್ತದೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲು ಒಪ್ಪದ ನಾಯಿಗೆ ಒಳಗಿನ ಟ್ರೇ ಇದ್ದರೆ ಒಳ್ಳೆಯದೇ. ಫ್ಲ್ಯಾಟಿನಲ್ಲಿ ಅದನ್ನು ಎಂದೆಂದಿಗೂ ಇಟ್ಟುಕೊಂಡರೂ ನಷ್ಟವಿಲ್ಲ.

ಕರಿಯನಿಗೆ ಐದು ತಿಂಗಳಾಗುವಾಗ ತಪ್ಪುವುದು ವಾರಕ್ಕೊಮ್ಮೆಗೆ ಇಳಿದಿತ್ತು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನನ್ನ ಕಣ್ಣೆದುರೇ ಗ್ಯಾಸ್ ಸಿಲಿಂಡರಿಗೆ ಕಾಲೆತ್ತಿದ. ಅದು ಗಂಡುನಾಯಿ ಪ್ರಾಯಕ್ಕೆ ಬಂದಾಗ ಗಡಿ ಗುರುತಿಸುವ ಅಭ್ಯಾಸ, ಮರಿಯ ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಮರಿ ಚೂರುಚೂರಾಗಿ ಪದೇ ಪದೇ ಹೋಗುತ್ತಿದ್ದರೆ ಅಥವಾ ಹೋಗುವಾಗ ನರಳಿದರೆ ಅದು ಮೂತ್ರಕೋಶದ ಸೋಂಕಿರಬಹುದು, ವೈದ್ಯರಿಗೆ ತೋರಿಸಿ.

ಶುರುಮಾಡಲು ನಿಮಗೆ ನಾಲ್ಕನೇ ಶನಿವಾರದ ರಜೆ ಅನುಕೂಲ. ಸೋಮವಾರವೂ ರಜೆ ಹಾಕಿದರೆ ಮೂರು ದಿನ ಕೈಗೆ ಸಿಗುತ್ತದೆ. ಶನಿವಾರ ಮರಿಯೊಂದಿಗೇ ಇದ್ದು ಬೇಲಿ ಮತ್ತು ಟ್ರೇ ಅಭ್ಯಾಸ ಮಾಡಿಸಿ. ಭಾನುವಾರ ಅರ್ಧ ಗಂಟೆ, ಒಂದು ಗಂಟೆ ಹೊರಗೆ ಹೋಗಿ ಬನ್ನಿ. ಸೋಮವಾರ ಮೂರು ಗಂಟೆ. ಮಧ್ಯಾಹ್ನ ಬರಲು ಒಪ್ಪಿದವರನ್ನು ಭಾನುವಾರವೇ ಕರೆದು, ಅವರ ಕೈಯಿಂದಲೇ ಊಟ ಹಾಕಿಸಿ. ಗುರುತಿಲ್ಲದವರು ಬಾಗಿಲು ತೆರೆದರೆ ಅದು ಬೇಲಿಯ ಮೂಲೆಯಲ್ಲಿ ಮುದುಡಿ ಕೂರುತ್ತದೆ, ಅವರಿರುವಷ್ಟು ಹೊತ್ತು ಟ್ರೇಯ ಹತ್ತಿರವೂ ಸುಳಿಯುವುದಿಲ್ಲ.