2018-19ರ ಸೀಸನ್‌ನಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಸೇಂಟ್ ಲೂಯಿಸ್ ಬ್ಲೂಸ್ ಐಸ್ ಹಾಕಿ ತಂಡ ಲೀಗ್‌ನ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದದ್ದು ಹೇಗೆ?

ಕೋಚ್ ಬದಲಾದರು, ಗೋಲ್‌ಕೀಪರ್ ಬದಲಾದರು, ಜೊತೆಗೆ ಸೀಸನ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಗ ಪ್ರತಿ ತಂಡಕ್ಕೂ 82 ಲೀಗ್ ಪಂದ್ಯ. ಗೆದ್ದರೆ 2 ಅಂಕ, ಹೆಚ್ಚುವರಿ ಸಮಯದಲ್ಲಿ ಸೋತರೂ 1 ಅಂಕ. 2019ರ ಜನವರಿ 3ರಂದು ಬ್ಲೂಸ್ 31 ತಂಡಗಳ ಪಟ್ಟಿಯಲ್ಲಿ ಕೊನೆಗಿತ್ತು. ನವೆಂಬರ್‌ನಲ್ಲೇ ಮೈಕ್ ಯೋ ಅವರನ್ನು ತೆಗೆದು ಕ್ರೇಗ್ ಬೆರೂಬಿ ಅವರನ್ನು ಹಂಗಾಮಿ ಕೋಚ್ ಮಾಡಿದ್ದರೂ ಫಲ ಕಾಣಲು ಸಮಯ ಹಿಡಿಯಿತು.

ನನ್ನ ಪ್ರಕಾರ ನಿಜವಾದ ತಿರುವು ಜನವರಿ 7. ವರ್ಷಗಟ್ಟಲೆ ಕೆಳಹಂತದ ಲೀಗ್‌ಗಳಲ್ಲೇ ಉಳಿದಿದ್ದ 25ರ ಗೋಲ್‌ಕೀಪರ್ ಜೋರ್ಡನ್ ಬಿನ್ನಿಂಗ್ಟನ್ ಅಂದು ಮೊದಲ ಬಾರಿ ಆರಂಭದಿಂದ ಆಡಿ, ಫಿಲಡೆಲ್ಫಿಯಾಕ್ಕೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಹಿಂದೆ ಭದ್ರವಾದ ಕಾವಲಿದೆ ಎಂದಾಗ ಮುಂದಿನವರು ಧೈರ್ಯದಿಂದ ನುಗ್ಗುತ್ತಾರೆ. ಆಮೇಲೆ ಸತತ 11 ಗೆಲುವು ಬಂದವು, ಲೀಗ್ ಹಂತ 99 ಅಂಕಗಳೊಂದಿಗೆ ಮುಗಿಯಿತು.

ಲೀಗ್ ಹಂತದ ನಂತರದ ನಾಕೌಟ್ ಸುತ್ತುಗಳಾದ ಪ್ಲೇಆಫ್‌ನಲ್ಲಿ ಒಂದು ಸೋಲು ಎಂದರೆ ಮನೆಗೆ ಎಂದಲ್ಲ. ಪ್ರತಿ ಎದುರಾಳಿಯ ವಿರುದ್ಧ ಏಳು ಪಂದ್ಯಗಳಲ್ಲಿ ನಾಲ್ಕು ಗೆಲ್ಲಬೇಕು. ವಿನ್ನಿಪೆಗ್, ಡಲ್ಲಾಸ್, ಸ್ಯಾನ್ ಹೊಸೆ ತಂಡಗಳನ್ನು ದಾಟಿ ಫೈನಲ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ಎದುರು 3-3 ಆಯಿತು. ಜೂನ್ 12ರ ನಿರ್ಣಾಯಕ ಪಂದ್ಯ ಬಾಸ್ಟನ್‌ನಲ್ಲೇ. ಮೊದಲ 20 ನಿಮಿಷ ಬಾಸ್ಟನ್ನಿನದೇ ದಾಳಿ, ಆದರೆ ಎಲ್ಲವನ್ನೂ ಬಿನ್ನಿಂಗ್ಟನ್ ತಡೆದರು. ಬ್ಲೂಸ್ ಗೋಲಿನತ್ತ ಹೊಡೆದದ್ದೇ ನಾಲ್ಕು ಹೊಡೆತ, ಅದರಲ್ಲಿ ಎರಡು ಗೋಲು! 4-1ರಿಂದ ಗೆದ್ದ ಬ್ಲೂಸ್‌ಗೆ 1967ರಿಂದ ಕಾದಿದ್ದ ಮೊದಲ ಕಪ್ ಅದು. ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈಥ್ ಟ್ರೋಫಿ ರಯಾನ್ ಓರೈಲಿ ಪಾಲಾಯಿತು.